ಹಳೆಯ ಬಡಾವಣೆಗೆ ಮತ್ತೆ ಜೀವ: ಬಣ್ಣಕ್ಕಿಂತ ಮೊದಲು ಚಾವಣಿ

ಪ್ರಶ್ನೆ: ನಮ್ಮದು ನಗರದ ನಡುವಿನ ಹಳೆಯ ಬಡಾವಣೆ. ಸುಮಾರು 180 ಮನೆಗಳಿವೆ, ಅವುಗಳಲ್ಲಿ 25ಕ್ಕೆ ಬೀಗ ಬಿದ್ದು ವರ್ಷಗಳಾಗಿವೆ. ಮುಖ್ಯ ಬೀದಿಯ 30 ಅಂಗಡಿಗಳಲ್ಲಿ 11 ಮುಚ್ಚಿವೆ. ನಿವಾಸಿಗಳ ಸಂಘದ ಬಳಿ ಈಗ ಹತ್ತು ಮನೆಗಳ ದುರಸ್ತಿಗೆ ಸಾಲುವಷ್ಟು ಹಣವಿದೆ. ಮೊದಲು ಬೀದಿಯುದ್ದಕ್ಕೂ ಮನೆಗಳ ಮುಂಭಾಗಕ್ಕೆ ಬಣ್ಣ ಹೊಡೆಸೋಣ ಎನ್ನುತ್ತಾರೆ ಕೆಲವರು, ಅಂಗಡಿ ತೆರೆಯುವವರಿಗೆ ಸಾಲ ಕೊಡೋಣ ಎನ್ನುತ್ತಾರೆ ಇನ್ನು ಕೆಲವರು. ಎಲ್ಲಿಂದ ಶುರು ಮಾಡಬೇಕು? ಬಡಾವಣೆ ಚೆನ್ನಾದ ಮೇಲೆ ಈಗಿರುವ ಬಾಡಿಗೆದಾರರೇ ಜಾಗ ಖಾಲಿ ಮಾಡಬೇಕಾಗಿ ಬಂದರೆ?

ಉತ್ತರ: ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಿ. ತೇವ ಹಿಡಿದ ಗೋಡೆಗೆ ಹೊಡೆಸಿದ ಬಣ್ಣ ಒಂದು ಮಳೆಗಾಲಕ್ಕೇ ಹಪ್ಪಳದಂತೆ ಏಳುತ್ತದೆ. ಆಮೇಲೆ ಸಂಘದ ಮಾತನ್ನು ಯಾರೂ ನಂಬುವುದಿಲ್ಲ. ಅಂಗಡಿ ಸಾಲವೂ ಈಗಲೇ ಬೇಡ. ಗಿರಾಕಿಯೇ ಇಲ್ಲದ ಬೀದಿಯಲ್ಲಿ ಸಾಲ ಕೊಟ್ಟರೆ ಅಂಗಡಿ ಮುಚ್ಚುವುದು ಒಂದು ವರ್ಷ ತಡವಾಗಬಹುದು, ಆದರೆ ಮುಚ್ಚುವ ಹೊತ್ತಿಗೆ ಮಾಲೀಕನ ತಲೆಯ ಮೇಲೆ ಸಾಲವೂ ಇರುತ್ತದೆ. ಈ ಕೆಲಸದಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಮೇಲೆ. ನಿಮ್ಮ ಹಣಕ್ಕೆ ಹೊಂದುವ ಕ್ರಮ ಇದು: ದಾಖಲೆ, ಬಾಡಿಗೆದಾರರ ಕರಾರು, ಚಾವಣಿ ಮತ್ತು ಚರಂಡಿ, ಮನೆಯ ಒಳಗೆಲಸ, ಅಂಗಡಿ, ಕಟ್ಟಕಡೆಗೆ ಮುಂಭಾಗ.

ಹತ್ತು ಮನೆಗಳನ್ನು ಆರಿಸುವಾಗ ಅವನ್ನು ಬಡಾವಣೆಯ ತುಂಬ ಹರಡಬೇಡಿ. ಎಲ್ಲ ಓಣಿಗಳಿಗೂ ನ್ಯಾಯ ಸಿಗಲಿ ಎಂದು ಅಲ್ಲೊಂದು ಇಲ್ಲೊಂದು ಮನೆ ಹಿಡಿಯುವುದು ಸಂಘಗಳು ಸಾಮಾನ್ಯವಾಗಿ ಮಾಡುವ ತಪ್ಪು. 180ರ ನಡುವೆ ಚದುರಿದ ಹತ್ತು ಮನೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬ್ಯಾಂಕು ಮನೆಗೆ ಬೆಲೆ ಕಟ್ಟುವುದು ಅಕ್ಕಪಕ್ಕದ ಮನೆಗಳು ಎಷ್ಟಕ್ಕೆ ಮಾರಾಟವಾದವು ಎಂಬುದನ್ನು ನೋಡಿ. ಸುತ್ತಲೂ ಪಾಳುಮನೆಗಳಿದ್ದರೆ, ದುರಸ್ತಿಗೆ ಖರ್ಚಾದಷ್ಟೂ ಬೆಲೆ ದುರಸ್ತಿಯಾದ ಮನೆಗೆ ಬರುವುದಿಲ್ಲ. ಹಾಗಾಗಿ ಹನ್ನೊಂದನೆಯ ಮನೆಯವರು ತಮ್ಮ ಸ್ವಂತ ಹಣ ಹಾಕಲು ಹಿಂಜರಿಯುತ್ತಾರೆ. ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ಒಂದು ಜಾಗ (ಶಾಲೆ, ಬಸ್ ನಿಲ್ದಾಣ, ಜನ ಸೇರುವ ಒಂದು ಮೂಲೆ) ಹಿಡಿದು, ಅಲ್ಲಿಂದ 100ರಿಂದ 150 ಮೀಟರಿನೊಳಗೆ, ಬೀದಿಯ ಎರಡೂ ಬದಿ ಸೇರಿಸಿ ಹತ್ತು ಮನೆಗಳನ್ನು ಆರಿಸಿ. ಅತಿ ಹಾಳಾದ ಓಣಿಯಿಂದ ಶುರು ಮಾಡೋಣ ಎಂಬ ಆಸೆ ಸಹಜ, ಆದರೆ ಅದು ಕೈಯಲ್ಲಿರುವ ಹಣವನ್ನು ನುಂಗಿಬಿಡುತ್ತದೆ.

ಅಮೆರಿಕದ ಬಾಲ್ಟಿಮೋರ್ ನಗರ 1970ರ ದಶಕದಲ್ಲಿ ತನ್ನ ವಶಕ್ಕೆ ಬಂದ ಪಾಳುಮನೆಗಳನ್ನು ತಲಾ ಒಂದು ಡಾಲರಿಗೆ ಕೊಟ್ಟಿತು. ಷರತ್ತು ಇಷ್ಟೇ: ಕೊಂಡವರು ದುರಸ್ತಿ ಮಾಡಿಸಿ ತಾವೇ ವಾಸವಾಗಿರಬೇಕು. ಒಂದು ಡಾಲರಿನ ಕಥೆ ಎಲ್ಲರಿಗೂ ನೆನಪಿದೆ. ಆ ನಗರದ ಸ್ಟರ್ಲಿಂಗ್ ಸ್ಟ್ರೀಟ್, ಒಟರ್‌ಬೈನ್ ಪ್ರದೇಶಗಳಲ್ಲಿ ಮನೆಗಳನ್ನು ಸಾಲುಸಾಲಾಗಿ ಒಟ್ಟಿಗೇ ಕೊಟ್ಟರು, ಜೊತೆಗೆ ಕಡಿಮೆ ಬಡ್ಡಿಯ ದುರಸ್ತಿ ಸಾಲವನ್ನೂ ಕೊಟ್ಟರು ಎಂಬುದು ಹೆಚ್ಚಿನವರಿಗೆ ಮರೆತುಹೋಗಿದೆ. ಅಲ್ಲಿ ಕೆಲಸ ಮಾಡಿದ್ದು ಈ ಎರಡು ಸಂಗತಿಗಳು.

ಇನ್ನು ದಾಖಲೆ. ಬೀಗ ಬಿದ್ದ 25 ಮನೆಗಳ ಕಾಗದಪತ್ರ ತೆಗೆಸಿ ಮೂರು ಗುಂಪು ಮಾಡಿ. ಹಕ್ಕು ಸ್ಪಷ್ಟವಿದ್ದು ಮಾಲೀಕರಿಗೂ ಮನಸ್ಸಿರುವುದು ಒಂದು ಗುಂಪು. ಹಕ್ಕು ಸ್ಪಷ್ಟವಿದ್ದರೂ ಬೆಲೆ ಏರಲಿ ಎಂದು ಮಾಲೀಕರು ಕಾಯುತ್ತಿರುವುದು ಎರಡನೆಯದು. ವಾರಸುದಾರರ ಜಗಳ, ಅಡಮಾನ, ಬಾಕಿ ತೆರಿಗೆ, ನ್ಯಾಯಾಲಯದ ವ್ಯಾಜ್ಯಗಳಲ್ಲಿ ಸಿಕ್ಕಿಕೊಂಡದ್ದು ಮೂರನೆಯದು. ಮೊದಲ ವರ್ಷ ಬೀಗದ ಮನೆಗಳಲ್ಲಿ ಮೊದಲ ಗುಂಪಿನವಕ್ಕೆ ಮಾತ್ರ ಕೈಹಾಕಿ. ಮೂರನೆಯ ಗುಂಪಿನ ಮನೆಯನ್ನು ರಿಪೇರಿ ಮಾಡಿಸಿದರೆ, ಕೆಲಸ ಮುಗಿದ ಮೇಲೆ ಎಂದೂ ಕಾಣದ ವಾರಸುದಾರರು ಬಾಗಿಲಿಗೆ ಬರುತ್ತಾರೆ. ಕೊಳ್ಳುವ ಯೋಚನೆ ಇರುವ ಮನೆಗಳಿಗೆ, ಮೊದಲ ಮನೆಯ ಮುಂದೆ ಸಾರುವೆ ಕಟ್ಟುವುದಕ್ಕೂ ಮುಂಚೆಯೇ, ಸಣ್ಣ ಮುಂಗಡ ಕೊಟ್ಟು 12ರಿಂದ 18 ತಿಂಗಳು ಬೆಲೆ ಹಿಡಿದಿಡುವ ಕರಾರು ಮಾಡಿಕೊಳ್ಳಿ. ಸಾರುವೆ ಕಟ್ಟಿದ ದಿನವೇ ಪಕ್ಕದ ಪಾಳುಮನೆಯ ಬೆಲೆ ಏರುತ್ತದೆ, ಅದನ್ನು ಏರಿಸುವುದು ನಿಮ್ಮದೇ ಹಣ.

ಬಾಡಿಗೆದಾರರ ವಿಷಯವೂ ಇದೇ ಹಂತದಲ್ಲಿ ಇತ್ಯರ್ಥವಾಗಬೇಕು. ಹಣ ಕೊಟ್ಟ ಮೇಲೆ ಮಾಲೀಕರಿಗೆ ಷರತ್ತು ಹಾಕಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಸಂಘದ ನೆರವು ಪಡೆದ ಮನೆಯ ಬಾಡಿಗೆ ವರ್ಷಕ್ಕೆ ಎಷ್ಟು ಏರಬಹುದು, ಈಗಿರುವ ಕುಟುಂಬ ದುರಸ್ತಿಯಾದ ಮೇಲೆ ಅದೇ ಮನೆಗೆ ಮರಳುವ ಹಕ್ಕು, ಮನೆ ಮಾರಿದರೂ ಈ ಷರತ್ತು ಕೊಂಡವರಿಗೂ ಅನ್ವಯಿಸುವುದು, ಈ ಮೂರನ್ನೂ ಬರೆಸಿ, ಸಾಧ್ಯವಿದ್ದಲ್ಲಿ ಆಸ್ತಿಯ ದಾಖಲೆಯಲ್ಲೇ ನೋಂದಾಯಿಸಿ. ಅವಧಿ ಕನಿಷ್ಠ 10 ವರ್ಷ ಇರಲಿ. ನೆರವು ಹೆಚ್ಚಿದ್ದರೆ 15. ಹತ್ತರಲ್ಲಿ ಒಂದು ಮನೆಯನ್ನು ಮೊದಲು ಮುಗಿಸಿ ಅದನ್ನು ಸರದಿ ಮನೆಯಾಗಿ ಇಟ್ಟುಕೊಳ್ಳಿ: ತಮ್ಮ ಮನೆಯ ಕೆಲಸ ನಡೆಯುವಷ್ಟು ದಿನ ಕುಟುಂಬಗಳು ಒಂದಾದ ಮೇಲೊಂದರಂತೆ ಅಲ್ಲಿರಲಿ. ಆರು ತಿಂಗಳು ಊರಿನ ಇನ್ನೊಂದು ತುದಿಗೆ ಹೋದ ಕುಟುಂಬ ಸಾಮಾನ್ಯವಾಗಿ ವಾಪಸ್ಸು ಬರುವುದಿಲ್ಲ. ಮಕ್ಕಳ ಶಾಲೆ ಬದಲಾಗಿರುತ್ತದೆ.

ಇದೇನೂ ಹೊಸ ಮಾತಲ್ಲ. ಇಟಲಿಯ ಬೊಲೊನ್ಯಾ ನಗರ 1973ರಲ್ಲೇ ಸಾರ್ವಜನಿಕ ವಸತಿ ಯೋಜನೆಯನ್ನು ನಗರದ ಅಂಚಿಗಲ್ಲದೆ ತನ್ನ ಹಳೆಯ ಕೇಂದ್ರಕ್ಕೆ ಅನ್ವಯಿಸಿ, ಅಲ್ಲಿನ ನಿವಾಸಿಗಳನ್ನು ಉಳಿಸಿಕೊಂಡೇ ಹಳೆಯ ಮನೆಗಳನ್ನು ದುರಸ್ತಿ ಮಾಡಲು ಹೊರಟಿತು. ಅಮೆರಿಕದ ಬರ್ಲಿಂಗ್ಟನ್‌ನಲ್ಲಿ 1984ರಲ್ಲಿ ಶುರುವಾದ ಸಮುದಾಯ ಭೂ ಟ್ರಸ್ಟ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ನೆಲ ಟ್ರಸ್ಟಿನದು, ಮನೆ ಕುಟುಂಬದ್ದು. ಮಾರುವಾಗ ಏರಿದ ಬೆಲೆಯಲ್ಲಿ ಕಾಲು ಪಾಲು ಮಾತ್ರ ಕುಟುಂಬಕ್ಕೆ ಸೇರುತ್ತದೆ. 100ಕ್ಕೆ ಕೊಂಡ ಮನೆಗೆ ಈಗ 140 ಬೆಲೆ ಬಂದರೆ, ಏರಿಕೆಯ 40ರಲ್ಲಿ ಅವರಿಗೆ ಸಿಗುವುದು 10. ಉಳಿದದ್ದು ಮನೆಯಲ್ಲೇ ಉಳಿದು ಮುಂದಿನ ಕುಟುಂಬಕ್ಕೆ ಅಗ್ಗವಾಗುತ್ತದೆ. ನೀವು ಮನೆಗಳನ್ನು ಕೊಂಡು ಮಾರುವ ಯೋಚನೆಯಲ್ಲಿದ್ದರೆ ಈ ಲೆಕ್ಕವನ್ನು ವಕೀಲರ ಜೊತೆ ಕೂತು ನೋಡಿ.

ಈಗ ಮನೆ. ಹಳೆಯ ಮನೆಯ ಮುಖ್ಯ ಶತ್ರು ನೀರು. ನೀರು ಬರುವ ದಾರಿ ಮುಚ್ಚದೆ ಒಳಗೆ ಮಾಡಿದ ಯಾವ ಕೆಲಸವೂ ನಿಲ್ಲುವುದಿಲ್ಲ. ದಪ್ಪ ಗೋಡೆ ಒಣಗಲು, ಪ್ರತಿ 25 ಮಿ.ಮೀ. ದಪ್ಪಕ್ಕೆ ಒಂದು ತಿಂಗಳು ಎಂಬುದು ಕೆಲಸಗಾರರ ಅಂದಾಜು. 225 ಮಿ.ಮೀ. ಇಟ್ಟಿಗೆ ಗೋಡೆಗೆ ಒಂಬತ್ತು ತಿಂಗಳಾಯಿತು. ಆದ್ದರಿಂದ ಒಂದೊಂದೇ ಮನೆಯನ್ನು ಪೂರ್ತಿ ಮುಗಿಸುತ್ತಾ ಹೋಗುವ ಬದಲು, ಹತ್ತೂ ಮನೆಗಳ ಚಾವಣಿ, ಚಾವಣಿಯಂಚಿನ ಮಳೆನೀರಿನ ದೋಣಿ, ಇಳಿಪೈಪು, ಸುತ್ತಲಿನ ಚರಂಡಿಗಳನ್ನು ಮೊದಲು ಒಟ್ಟಿಗೇ ಸರಿಮಾಡಿಸಿ. ಗೋಡೆಗಳು ಒಣಗುವಷ್ಟರಲ್ಲಿ ಅನುಮತಿ, ಮರಗೆಲಸ ಮುಗಿಸಿಕೊಳ್ಳಬಹುದು. ಸರದಿ ಮನೆಯಾಗಿ, ಗೋಡೆಗಳು ಈಗಾಗಲೇ ಒಣಗಿರುವ ಒಂದನ್ನು ಆರಿಸಿಕೊಳ್ಳಿ.

ತೇವ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡದೆ ಔಷಧ ಹಾಕಬೇಡಿ. ನೆಲದಿಂದ ಏರುವ ತೇವ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ ಮತ್ತು ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರದ ಪಟ್ಟಿಯಾಗಿ ಕಾಣುತ್ತದೆ. ಅದಕ್ಕಿಂತ ಮೇಲೆ ಕಂಡರೆ ಚಾವಣಿಯನ್ನೋ, ಗೋಡೆಯೊಳಗಿನ ಪೈಪನ್ನೋ ಅನುಮಾನಿಸಿ. ಏರುವ ತೇವಕ್ಕೂ ಎಷ್ಟೋ ಸಲ ಕಾರಣ ಸರಳ: ರಸ್ತೆಗೆ ಪದರದ ಮೇಲೆ ಪದರ ಹಾಕಿ ಹಾಕಿ ಹೊರಗಿನ ನೆಲ ಮನೆಯ ನೆಲಕ್ಕಿಂತ ಎತ್ತರವಾಗಿರುತ್ತದೆ. ಹೊರನೆಲ ಒಳನೆಲಕ್ಕಿಂತ ಕನಿಷ್ಠ 150 ಮಿ.ಮೀ. ತಗ್ಗಿರಬೇಕು. ರಸ್ತೆ ತಗ್ಗಿಸಲಾಗದಿದ್ದರೆ ಗೋಡೆಯ ಬುಡದಲ್ಲಿ ಜಲ್ಲಿ ತುಂಬಿದ ಕಿರುಕಾಲುವೆ ತೆಗೆದು, ಅದಕ್ಕೆ ಇಳಿಜಾರು ಕೊಟ್ಟು ನೀರನ್ನು ಹೊರಗೆ ಕಳಿಸಿ. ಪಾಯದ ತಳಕ್ಕಿಂತ ಆಳಕ್ಕೆ ಮಾತ್ರ ಅಗೆಯಬೇಡಿ.

ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್ ಪ್ಲಾಸ್ಟರಿಂಗ್ ಮಾಡಿಸಬಾರದು. ಮೇಸ್ತ್ರಿಗಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ, ಸಿಮೆಂಟೇ ಗಟ್ಟಿ ಎನ್ನುತ್ತಾರೆ. ಗಟ್ಟಿ ಎಂಬುದೇ ತೊಂದರೆ. ಮೆತ್ತನೆಯ ಇಟ್ಟಿಗೆ ಮತ್ತು ಸುಣ್ಣ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತವೆ. ಮೇಲೆ ಸಿಮೆಂಟಿನ ಕವಚ ಬಿದ್ದರೆ ತೇವ ಒಳಗೇ ಉಳಿದು, ಅದರಲ್ಲಿನ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟುತ್ತದೆ, ಇಟ್ಟಿಗೆಯ ಮುಖ ಪುಡಿಯಾಗಿ ಉದುರುತ್ತದೆ, ಕೊನೆಗೆ ಪ್ಲಾಸ್ಟರ್ ಹಲಗೆಯಂತೆ ಕಳಚಿ ಬೀಳುತ್ತದೆ. ಒಂದು ಪಾಲು ಹೈಡ್ರಾಲಿಕ್ ಸುಣ್ಣಕ್ಕೆ (ನೀರು ಸೇರಿದಾಗ ಗಟ್ಟಿಯಾಗುವ ಸುಣ್ಣ) ಎರಡೂವರೆಯಿಂದ ಮೂರು ಪಾಲು ತೊಳೆದ, ಒರಟು ಕಾಳಿನ ಮರಳು ಸೇರಿಸಿ, ಒಂದೊಂದು ಪದರ 8ರಿಂದ 10 ಮಿ.ಮೀ. ಮೀರದಂತೆ ಹಚ್ಚಿಸಿ. ಹಚ್ಚುವ ಮುಂಚೆ ಗೋಡೆ ನೆನೆಸಿ. ಹಚ್ಚಿದ ಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು ಕನಿಷ್ಠ ಮೂರು ದಿನ, ಬಿಸಿಲು ಗಾಳಿ ಜೋರಿದ್ದರೆ ಒಂದು ವಾರ ತೇವ ಆರದಂತೆ ನೋಡಿಕೊಳ್ಳಿ. ಬೇಗ ಒಣಗಿದ ಸುಣ್ಣದ ಗಾರೆ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಬಣ್ಣವೂ ಸುಣ್ಣದ್ದೇ ಆಗಬೇಕು, ಇಲ್ಲವೇ ಗಾಳಿಯಾಡಲು ಬಿಡುವ ಸಿಲಿಕೇಟ್ ಬಣ್ಣ. ಪ್ಲಾಸ್ಟಿಕ್ ಬಣ್ಣ ಹಾಕಿದರೆ ಇಷ್ಟೆಲ್ಲ ಮಾಡಿದ್ದು ದಂಡ.

ಬಿರುಕು ಕಂಡ ಕೂಡಲೇ ತುಂಬಿಸಬೇಡಿ. ಅದರ ಎರಡು ತುದಿಗೂ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆಯಿರಿ, ಅಗಲ ಅಳೆಯಿರಿ, ಒಂದು ಮಳೆಗಾಲ ಒಂದು ಬೇಸಿಗೆ ದಾಟಲಿ. ಬೆಳೆಯದ 5 ಮಿ.ಮೀ. ಒಳಗಿನ ಬಿರುಕನ್ನು ಸಾಮಾನ್ಯವಾಗಿ ಮೇಸ್ತ್ರಿಯೇ ಸರಿಮಾಡಬಹುದು. ಅದಕ್ಕಿಂತ ಅಗಲವಾಗಿದ್ದರೆ, ಬೆಳೆಯುತ್ತಲೇ ಇದ್ದರೆ, ಅಥವಾ ಗೋಡೆ ಹೊಟ್ಟೆ ಬಿಟ್ಟಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು. ಮರದ ತೊಲೆಗಳಲ್ಲಿ ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿದ ತುದಿ. ನಡುಭಾಗ ಗಟ್ಟಿಯಿದೆ ಎಂದು ಸಮಾಧಾನ ಪಡಬೇಡಿ, ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ತೇವ ಅಳೆಯುವ ಮೀಟರ್ ಶೇ 20ಕ್ಕಿಂತ ಹೆಚ್ಚು ತೋರಿಸಿದರೆ ಮರ ಕೊಳೆಯುವ ಸ್ಥಿತಿಯಲ್ಲಿದೆ ಎಂದರ್ಥ.

ಒಳಚರಂಡಿಯ 110 ಮಿ.ಮೀ. ಪೈಪಿಗೆ 1:40 ಇಳಿಜಾರು ಸಾಕು, ಅಂದರೆ ಮೀಟರಿಗೆ 25 ಮಿ.ಮೀ. ತಿರುವಿನಲ್ಲಿ ಒಂದು 90 ಡಿಗ್ರಿ ಬೆಂಡಿನ ಬದಲು ಎರಡು 45 ಡಿಗ್ರಿಯವು ಇರಲಿ. ಮಣ್ಣು ಮುಚ್ಚುವ ಮುಂಚೆ ನೀರು ತುಂಬಿ ಪರೀಕ್ಷಿಸಿ. ವಿದ್ಯುತ್ತಿಗೆ ಹೊಸ ವೈರಿಂಗ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಡಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು), ಅಡುಗೆಮನೆಗೆ ಪ್ರತ್ಯೇಕ ಸರ್ಕ್ಯೂಟ್ ಬೇಕು. ಪ್ಲಾಸ್ಟರಿಂಗ್‌ಗೆ ಮುಂಚೆ ಪ್ರತಿ ಗೋಡೆಯ ಮೇಲೂ ಅಳತೆ ಟೇಪು ಹಿಡಿದು ಫೋಟೊ ತೆಗೆದಿಡಿ. ಐದು ವರ್ಷದ ನಂತರ ಮೊಳೆ ಹೊಡೆಯುವವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಜ್ಜುಕಾಗದ ಹಾಕದೆ ನೀರು ಹಾಕಿ ಕೆರೆಸಿ. ಆಸ್ಬೆಸ್ಟಾಸ್ ಶೀಟನ್ನು ಕೊರೆಯಬೇಡಿ, ಒಡೆಯಬೇಡಿ. ತರಬೇತಿ ಇದ್ದವರೇ ಅದನ್ನು ನೆನೆಸಿ ಇಡಿಯಾಗಿ ಇಳಿಸಬೇಕು.

ಅಂದಾಜುಪಟ್ಟಿಯ ಮೇಲೆ ಶೇ 15ರಿಂದ 20 ಹೆಚ್ಚುವರಿ ಇಟ್ಟುಕೊಳ್ಳಿ, ಏಕೆಂದರೆ ಹಳೆಯ ಮನೆಯ ನಿಜವಾದ ಸ್ಥಿತಿ ತೆರೆದ ಮೇಲೆಯೇ ತಿಳಿಯುವುದು. ಹತ್ತು ಮನೆಗೆ ಸಾಲುವಷ್ಟು ಹಣ ಎಂದಿದ್ದೀರಿ. ಈ ಮೊತ್ತ ಸೇರಿಸದೆ ಹಾಕಿದ ಲೆಕ್ಕವಾದರೆ ಅದು ಎಂಟು ಮನೆಗೇ ಸಾಲುವುದು. ಗುತ್ತಿಗೆದಾರರಿಗೆ ಹಂತಹಂತವಾಗಿ ಕೊಡಿ, ಶೇ 5ರಿಂದ 10ನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡಿ. ಖರ್ಚು ಉಳಿಸಲೆಂದು ಹತ್ತೂ ಮನೆಗೆ ಒಂದೇ ಅಳತೆಯ ಕಿಟಕಿಗಳನ್ನು ಒಟ್ಟಿಗೆ ತರಿಸಬೇಡಿ. ಹಳೆಯ ಮನೆಗಳ ಕಿಟಕಿ ತೆರಪುಗಳು ಒಂದೇ ಗೋಡೆಯಲ್ಲೂ 20–30 ಮಿ.ಮೀ. ವ್ಯತ್ಯಾಸ ಇರುತ್ತವೆ.

ಸ್ವಂತ ಹಣದಿಂದ ಮನೆ ಸರಿಮಾಡಿಕೊಳ್ಳಲು ಸಿದ್ಧರಿದ್ದರೂ ಬ್ಯಾಂಕ್ ಸಾಲ ಸಿಗದವರಿಗೆ ಒಂದು ಸುತ್ತುನಿಧಿ, ಅಂದರೆ ಮರಳಿ ಬಂದ ಸಾಲದ ಹಣವನ್ನೇ ಮುಂದಿನವರಿಗೆ ಕೊಡುವ ನಿಧಿ ಬೇಕಾಗುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ 1968ರಲ್ಲಿ ಡೊರೊತಿ ಮೇ ರಿಚರ್ಡ್‌ಸನ್ ಮತ್ತು ಅವರ ನೆರೆಹೊರೆಯವರು ಮಾಡಿದ್ದು ಇದನ್ನೇ. ಸಾಲ ಕೊಡಬಹುದಾದವರಿಗೆ ಕೊಡುವಂತೆ ಬ್ಯಾಂಕುಗಳನ್ನು ಒಪ್ಪಿಸಿದರು, ಬ್ಯಾಂಕಿನ ಅಳತೆಗೆ ಸಿಗದವರಿಗೆ ಪ್ರತ್ಯೇಕ ನಿಧಿ ತೆರೆದರು. ಈ ಮಾದರಿ ಮುಂದೆ ದೇಶಕ್ಕೆಲ್ಲ ಹರಡಿ 1978ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದಕ್ಕೆ ಕಾರಣವಾಯಿತು. ನಿಮ್ಮ ನಿಧಿ ಚಿಕ್ಕದಾದರೂ ಅದನ್ನು ಚಾವಣಿಗೆ, ಚರಂಡಿಗೆ, ವೈರಿಂಗಿಗೆ ಮಾತ್ರ ಮೀಸಲಿಡಿ.

ಅಂಗಡಿಗೆ ಬರೋಣ. 11 ಮಳಿಗೆಗಳು ಏಕೆ ಮುಚ್ಚಿವೆ ಎಂದು ಒಂದೊಂದನ್ನೂ ವಿಚಾರಿಸಿ. ಕೆಲವಕ್ಕೆ ಗಿರಾಕಿ ಇರಲಿಲ್ಲ, ಕೆಲವು ವ್ಯಾಪಾರಕ್ಕೆ ಯೋಗ್ಯ ಸ್ಥಿತಿಯಲ್ಲಿಲ್ಲ, ಕೆಲವನ್ನು ಮಾಲೀಕರೇ ಹೆಚ್ಚು ಬಾಡಿಗೆ ಕೇಳುತ್ತಾ ಖಾಲಿ ಬಿಟ್ಟಿರುತ್ತಾರೆ. ಮೂರಕ್ಕೂ ಮದ್ದು ಬೇರೆ ಬೇರೆ.

ಬಾಡಿಗೆಯ ಲೆಕ್ಕ ಹೀಗೆ. ಸಣ್ಣ ಅಂಗಡಿಯ ಬಾಡಿಗೆ ಅದರ ವಹಿವಾಟಿನ ಶೇ 8ರಿಂದ 10ನ್ನು ಮೀರಿದರೆ ಬಾಳುವುದು ಕಷ್ಟ. ತಿಂಗಳ ಬಾಡಿಗೆ 100 ಇದ್ದರೆ 1,000ದಿಂದ 1,250ರ ವ್ಯಾಪಾರ ಬೇಕು. ನಿಮ್ಮಲ್ಲಿ ಜನವಿರುವ ಮನೆ 155. ಅವುಗಳಲ್ಲಿ ಶೇ 40 ಒಂದು ಅಂಗಡಿಗೆ ಬಂದು, ತಿಂಗಳಿಗೆ ತಲಾ 5 ಖರ್ಚು ಮಾಡಿದರು ಎಂದುಕೊಂಡರೆ 62 ಮನೆಗಳಿಂದ 310. ಅಂಥ ಅಂಗಡಿ ತಾಳಬಲ್ಲ ಬಾಡಿಗೆ 25ರಿಂದ 31. ಖಾಲಿ ಇರುವ 25 ಮನೆಯೂ ತುಂಬಿತು ಅನ್ನಿ, ಅದೇ ಲೆಕ್ಕದಲ್ಲಿ ವ್ಯಾಪಾರ 50 ಹೆಚ್ಚುತ್ತದೆ, ಬಾಡಿಗೆಯ ತಾಕತ್ತು 4ರಿಂದ 5 ಹೆಚ್ಚುತ್ತದೆ, ಅಷ್ಟೇ. ಮನೆ ತುಂಬಿದ ಮಾತ್ರಕ್ಕೆ ಬೀದಿ ತುಂಬುವುದಿಲ್ಲ. ಐದು ನಿಮಿಷದ ನಡಿಗೆಯಾಚೆಯಿಂದಲೂ, ಅಂದರೆ 400 ಮೀಟರಿನಾಚೆಯಿಂದಲೂ ಜನರನ್ನು ಎಳೆಯುವ ಒಂದೆರಡು ಅಂಗಡಿಗಳು ಬೇಕು. ನಿಮ್ಮ ಊರಿನ ಅಂಕಿಗಳನ್ನು ಹಾಕಿ ಈ ಲೆಕ್ಕ ಮಾಡಿ ನೋಡಿದರೆ, 11ನ್ನೂ ಅಂಗಡಿಯಾಗಿಯೇ ತೆರೆಸುವ ಹಟ ಬಿಡುತ್ತೀರಿ ಎಂದುಕೊಂಡಿದ್ದೇನೆ. ಐದಾರು ಅಂಗಡಿಗಳಾಗಲಿ, ಉಳಿದವು ಕಾರ್ಯಾಗಾರ, ಚಿಕಿತ್ಸಾಲಯ, ಪಾಠದ ಕೋಣೆ, ಕಚೇರಿಗಳಾಗಲಿ. ಒಂದೇ ಬಗೆಯ ಎರಡು ಅಂಗಡಿಗಳಿಗೆ ಸಂಘದ ಹಣ ಕೊಡಬೇಡಿ, ಎರಡೂ ಸಾಯುತ್ತವೆ.

90 ಚದರ ಮೀಟರಿನ ಖಾಲಿ ಮಳಿಗೆಯನ್ನು 30ರಂತೆ ಮೂರು ಮಾಡಿದರೆ ಹೊಸಬರಿಗೆ ಎಟಕುತ್ತದೆ. ಪಾಲು ಮಾಡುವ ಮುಂಚೆ ಪ್ರತಿಯೊಂದಕ್ಕೂ ಮೀಟರ್, ನಲ್ಲಿ, ಶೌಚಾಲಯ ಹೇಗೆ ಎಂದು ತೀರ್ಮಾನಿಸಿ. ಅಡುಗೆ ಮಾಡುವ ಅಂಗಡಿಗೆ ಜಿಡ್ಡು ತಡೆಯುವ ಗುಂಡಿ ಮತ್ತು ಚಾವಣಿಯಾಚೆಗೆ ಹೊಗೆ ಒಯ್ಯುವ ಕೊಳವೆ ಬೇಕೇ ಬೇಕು. ಇವು ಇಲ್ಲದೆ ತೆರೆದರೆ ಮೂರೇ ತಿಂಗಳಲ್ಲಿ ಚರಂಡಿ ಕಟ್ಟಿಕೊಂಡು ಮೇಲಿನ ಮನೆಯವರೊಂದಿಗೆ ಜಗಳ. ಬಾಡಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಡಿ: ಮೊದಲ ಮೂರು ತಿಂಗಳು ಏನೂ ಇಲ್ಲ, ವರ್ಷ ತುಂಬುವವರೆಗೆ ಅರ್ಧ, ಆಮೇಲೆ ಪೂರ್ತಿ. ಕರಾರು ಮೂರರಿಂದ ಐದು ವರ್ಷದ್ದಾಗಿರಲಿ, ನವೀಕರಿಸುವ ಹಕ್ಕು ವ್ಯಾಪಾರಿಗಿರಲಿ. ಇಲ್ಲದಿದ್ದರೆ ಅವರು ಒಳಾಂಗಣಕ್ಕೆ ಹಾಕಿದ ಹಣ ಮಾಲೀಕರ ಪಾಲಾಗುತ್ತದೆ. ಸಾಲ ಕೊಡುವ ಹೊತ್ತು ಇದು. ಅದನ್ನು ಯಂತ್ರಗಳಿಗಿಂತ ದುಡಿಯುವ ಬಂಡವಾಳಕ್ಕೆ, ಅಂದರೆ ದಿನದಿನದ ವಹಿವಾಟಿಗೆ ಬೇಕಾದ ಹಣಕ್ಕೆ ಕೊಡಿ. ಹೊಸ ಅಂಗಡಿಗಳು ಹೆಚ್ಚಾಗಿ ಮುಗ್ಗರಿಸುವುದು, ಇದ್ದ ಹಣವೆಲ್ಲ ಸರಕಿನಲ್ಲಿ ಕೂತು ಕೈ ಖಾಲಿಯಾದಾಗ.

ರಸ್ತೆ ಅಗೆಯುವ ಕೆಲಸ ಏನೇ ಇದ್ದರೂ ಅಂಗಡಿ ತೆರೆಯುವ ಮುಂಚೆ ಮುಗಿಯಬೇಕು. ಚರಂಡಿಗೆಂದು ನಾಲ್ಕು ತಿಂಗಳು ಬಾಗಿಲ ಮುಂದೆ ಗುಂಡಿ ತೆಗೆದಿಟ್ಟರೆ ಹೊಸ ಅಂಗಡಿ ಉಳಿಯುವುದಿಲ್ಲ. ತಪ್ಪಿಸಲಾಗದಿದ್ದರೆ 50 ಮೀಟರ್ ತುಂಡುಗಳಲ್ಲಿ, ಬೀದಿಯ ಅರ್ಧ ಅಗಲ ಬಿಟ್ಟು ಮಾಡಿಸಿ. ಅಂಗಡಿಯ ಮೇಲಿನ ಅಂತಸ್ತಿನಲ್ಲಿ ಮತ್ತೆ ಸಂಸಾರಗಳು ಬರಲಿ, ರಾತ್ರಿ ಬೀದಿಗೆ ಬೆಳಕು ಬರುವುದು ಆ ಕಿಟಕಿಗಳಿಂದ. ಅಂಗಡಿ ಅಗಲ ಮಾಡಲು ಹಿಂದೆ ಯಾರೋ ಮೆಟ್ಟಿಲು ಕಿತ್ತಿರುವುದು ಸಾಮಾನ್ಯ. ಬೀದಿಗೇ ತೆರೆಯುವ ಪ್ರತ್ಯೇಕ ಬಾಗಿಲು, ಮೆಟ್ಟಿಲು ಮರಳಿ ಕಟ್ಟಿಸಿ, ಅಂಗಡಿಗೂ ಮನೆಗೂ ನಡುವೆ ಒಂದು ಗಂಟೆ ಬೆಂಕಿ ತಡೆಯುವ ಚಾವಣಿ ಹಾಕಿಸಿ.

ಇಷ್ಟಾದ ಮೇಲೆ ಮುಂಭಾಗ. ತಗಡಿನ ಮುಚ್ಚು ಶಟರ್ ಬದಲು ಬೆಳಕು ಹಾಯುವ ಜಾಲರಿ ಶಟರ್, ಬೋರ್ಡಿಗೆ ಬೆಚ್ಚನೆಯ 2700–3000 ಕೆಲ್ವಿನ್ ದೀಪ, ಹೊಸ್ತಿಲಿಗೆ 1:12ರ ಇಳಿಜಾರು, ನಡೆಯುವವರ ತಲೆ ತಾಗದಂತೆ ಕನಿಷ್ಠ 2.4 ಮೀಟರ್ ಎತ್ತರದಲ್ಲಿ ನೆರಳುಚಾಚು. ನೀವು ಕೇಳಿದ ಬಣ್ಣ ಇಲ್ಲಿ ಬರುತ್ತದೆ.

ಈ ಸರದಿಯಲ್ಲಿ ಸೇರದ ಬೀಗದ ಮನೆಗಳನ್ನು ಹಾಗೇ ಬಿಡಬೇಡಿ. ಹರಿದ ಚಾವಣಿಯನ್ನು ತಾತ್ಕಾಲಿಕ ಹೊದಿಕೆಯಿಂದ ಮುಚ್ಚಿ, ದೋಣಿಯಲ್ಲಿ ಬೆಳೆದ ಗಿಡ ಕೀಳಿಸಿ, ನೀರಿನ ಸಂಪರ್ಕ ಕಡಿದು ಪೈಪು ಖಾಲಿ ಮಾಡಿಸಿ. ಬಚ್ಚಲ ಟ್ರ್ಯಾಪುಗಳಿಗೆ (ನೀರು ನಿಂತು ಚರಂಡಿಯ ಗಾಳಿ ತಡೆಯುವ ಬಾಗಿದ ಪೈಪು) ನೀರು ತುಂಬಿ ಮೇಲೆ ಒಂದು ಚಮಚ ಎಣ್ಣೆ ಬಿಡಿ. ನೀರು ಆವಿಯಾಗದಿದ್ದರೆ ಚರಂಡಿಯ ಗಾಳಿ ಒಳಗೆ ಬರುವುದಿಲ್ಲ. ಕಿಟಕಿಗಳಿಗೆ 12ರಿಂದ 18 ಮಿ.ಮೀ. ಪ್ಲೈವುಡ್ ಸಾಕು, ಆದರೆ ಚೌಕಟ್ಟಿಗೆ ಮೊಳೆ ಹೊಡೆಯದೆ, ಒಳಗಡೆ ಅಡ್ಡಪಟ್ಟಿ ಇಟ್ಟು ಬೋಲ್ಟಿನಿಂದ ಬಿಗಿಸಿ. ಪೂರ್ತಿ ಮುಚ್ಚಿದ ಮನೆ ಒಳಗಿನಿಂದ ಕೊಳೆಯುತ್ತದೆ, ಹಾಗಾಗಿ ಕೆಳಗೊಂದು ಮೇಲೊಂದು ಜಾಲರಿ ಹಾಕಿದ ಗಾಳಿಗಂಡಿ ಇರಲಿ. ಕೀಲಿಕೈ ಯಾರ ಬಳಿ ಇದೆ ಎಂದು ಬರೆದಿಟ್ಟು, ತಿಂಗಳಿಗೊಮ್ಮೆ, ಜೋರು ಮಳೆ ಬಂದಾಗ ಮರುದಿನವೇ, ಯಾರಾದರೊಬ್ಬರು ಟಾರ್ಚು ಹಿಡಿದು ಒಳಗೆ ಹೋಗಿ ಚಾವಣಿಯ ಅಡಿಭಾಗ ನೋಡಿ ಬರಲಿ.